ಮಕ್ಕಳು ಹೆಚ್ಚಾಗಿದ್ದಾರೆ, ಕೊಠಡಿ ಸಾಲುತ್ತಿಲ್ಲ: ಉಡುಪಿಯ ನಮ್ಮ ಸರ್ಕಾರಿ ಶಾಲೆಯ ಹೊಸ ಕಟ್ಟಡಕ್ಕೆ ಹಣ ಎಲ್ಲಿಂದ ಸಿಗುತ್ತದೆ?

ಮೊದಲು ಯುಡೈಸ್‌ನಲ್ಲಿ (ಎಲ್ಲ ಶಾಲೆಗಳ ಮಾಹಿತಿ ಇರುವ ಸರ್ಕಾರಿ ದತ್ತಾಂಶ) ನಿಮ್ಮ ಶಾಲೆಯ ಮಕ್ಕಳ ಮತ್ತು ಕೊಠಡಿಗಳ ಲೆಕ್ಕ ಸರಿಯಾಗಿದೆಯೇ ನೋಡಿ. ಅಲ್ಲಿ ತಪ್ಪಿದ್ದರೆ ಮುಂದಿನದೆಲ್ಲ ಕಷ್ಟ. ಬಳಿಕ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಿರ್ಣಯ ಮಾಡಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೂಲಕ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ ಮನವಿ ಕಳುಹಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ ಇರಲೇಬೇಕು. ಇದನ್ನು ಮನವಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ದೊಡ್ಡ ಮೊತ್ತ ಬರುವುದು ರಾಜ್ಯ ಬಜೆಟ್‌ನಿಂದ ಮತ್ತು ಸಮಗ್ರ ಶಿಕ್ಷಣ ಎಂಬ ಕೇಂದ್ರ-ರಾಜ್ಯ ಯೋಜನೆಯಿಂದ. ಸಮಗ್ರ ಶಿಕ್ಷಣದಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಮಂಜೂರಾತಿಗೆ ವರ್ಷಗಳೇ ಹಿಡಿಯಬಹುದು. ಒಂದೆರಡು ಕೊಠಡಿ ಸಾಕೆಂದರೆ ಶಾಸಕರ, ಸಂಸದರ ಪ್ರದೇಶಾಭಿವೃದ್ಧಿ ನಿಧಿ ಕೇಳಿ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣವೂ ಇದೆ. ಮಂಗಳೂರಿನ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್‌ನಂಥ ದೊಡ್ಡ ಉದ್ಯಮ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ.

ನಮ್ಮ ಊರಿನ ಶಾಲೆಯಲ್ಲಿ ಮೂರನೇ ತರಗತಿ ಜಗಲಿಯಲ್ಲಿ ನಡೆಯುತ್ತಿತ್ತು. ಆಷಾಢದ ಎರಚಲಿಗೆ ಮಕ್ಕಳು ಪುಸ್ತಕವನ್ನು ಎದೆಗವಚಿಕೊಂಡು ಗೋಡೆಗೆ ಒತ್ತಿ ಕೂರುತ್ತಿದ್ದರು. ಆ ಚಿತ್ರವನ್ನು ಮುಂಬೈ, ದುಬೈಯಲ್ಲಿರುವ ಹಳೆ ವಿದ್ಯಾರ್ಥಿಗಳಿಗೆ ಕಳುಹಿಸಿದೆವು. ಕೆಂಪುಕಲ್ಲಿನ ಎರಡು ಕೊಠಡಿಗಳು ಎದ್ದವು. ಆದರೆ ದಾನದ ಹಣದಲ್ಲಿ ಕಟ್ಟುವುದಾದರೂ ಇಲಾಖೆಯ ಲಿಖಿತ ಅನುಮತಿ ಮತ್ತು ಎಂಜಿನಿಯರ್ ಅಂದಾಜುಪಟ್ಟಿ ಇಲ್ಲದೆ ಅಡಿಪಾಯ ತೋಡಬೇಡಿ.