ಕೌನ್ಸಿಲ್ ಸ್ಕೂಲ್ ರನ್ ಟೆಂಡರ್ ಹಾಕ್ಬೇಕು ಅಂತಿದ್ರೆ, ಕಾರ್ ತಗೊಳೋ ಮುಂಚೆ ಇದನ್ನ ಓದು

ತಮ್ಮಾ, ನೀನು ಅಣ್ಣಾ ಅಂತ ಕೇಳಿದೀಯ, ಅದಕ್ಕೆ ನಾನೂ ನೀವು-ಗೀವು ಬಿಟ್ಟು ನೇರವಾಗಿ ಬರೀತೀನಿ. ನೀನು ಹೇಳಿರೋದು ನನಗೆ ಅರ್ಥ ಆಗಿರೋದು ಹೀಗೆ, ಹೆಂಡ್ತಿ ಇಲ್ಲಿ ಇಂಗ್ಲೆಂಡಲ್ಲಿ ನರ್ಸು, ನೀನು ಡಿಪೆಂಡೆಂಟ್ ವೀಸಾದಲ್ಲಿ ಈಗಷ್ಟೇ ಬಂದಿದೀಯ, ಹಾಸನದಲ್ಲಿ ಅಪ್ಪಂದು ಎಲ್ಲೋ ಬೋರ್ಡ್ ಗಾಡಿಗಳಿದ್ವು ಸ್ಕೂಲ್ ವ್ಯಾನೂ ಓಡ್ಸಿದೀಯ, ಇಲ್ಲಿ ಯಾರೋ ಸ್ನೇಹಿತ್ರು ಕೌನ್ಸಿಲ್ ಸ್ಕೂಲ್ ರನ್, ಅಂದ್ರೆ ಇಲ್ಲಿನ ಸ್ಥಳೀಯ ಆಡಳಿತದ ಪರವಾಗಿ ಮಕ್ಕಳನ್ನ ಟ್ಯಾಕ್ಸೀಲಿ ಸ್ಕೂಲಿಗೆ ಬಿಡೋ ಕೆಲಸ, ಸಿಕ್ಕಿದ್ರೆ ಗೌರ್ಮೆಂಟ್ ದುಡ್ಡು, ತಿಂಗ್ಳು ತಿಂಗ್ಳು ಗ್ಯಾರಂಟಿ ಅಂದಿದಾರೆ, ಇರೋ ಸೇವಿಂಗ್ಸ್ ಹಾಕಿ ಎರಡು ಸೆವೆನ್ ಸೀಟರ್ ತಗೊಂಡು ಕಂಪನಿ ಮಾಡಿ ಟೆಂಡರ್ ಹಾಕ್ಲಾ ಅಂತ. ನಂದು ಮೂರು ಕಾರಿನ ಸಣ್ಣ ಕಂಪನಿ, ಇದೇ ಕೆಲಸದಲ್ಲಿ ವರ್ಷಗಟ್ಲೆ ಇದೀನಿ, ಅದಕ್ಕೆ ಹೇಳ್ತೀನಿ, ಕೆಲಸ ಇದೆ, ಆದ್ರೆ ಗ್ಯಾರಂಟಿ ಅನ್ನೋ ಪದ ಇದ್ಯಲ್ಲ ಅದು ಸುಳ್ಳು. ಈಗ್ಲೇ ಕಾರ್ ತಗೋಬೇಡ.

ಮೊದ್ಲು ವೀಸಾ ವಿಷ್ಯ ಮುಗಿಸ್ಬಿಡೋಣ. ಡಿಪೆಂಡೆಂಟ್ ಆಗಿ ಬಂದೋರು ಸೆಲ್ಫ್ ಎಂಪ್ಲಾಯ್ಡ್ ಆಗಿ ದುಡೀಬಹುದು, ನಿನಗೆ ತೊಂದ್ರೆ ಇಲ್ಲ. ಆದ್ರೆ ಕಂಪನೀನ ನಿನ್ ಹೆಂಡ್ತಿ ನಡ್ಸ್ತಾಳೆ ಅಂತೇನಾದ್ರೂ ಪ್ಲಾನ್ ಇದ್ರೆ ಬೇಡ, ಅವ್ಳ ವೀಸಾದಲ್ಲಿ ಸ್ವಂತ ಬಿಸಿನೆಸ್ ಮಾಡೋ ಹಾಗಿಲ್ಲ. ಸ್ಟೂಡೆಂಟ್ ವೀಸಾದಲ್ಲಿ ಇರೋ ಹುಡುಗ್ರೂ ಅಷ್ಟೇ, ಇದನ್ನ ಓದಿ ಉತ್ಸಾಹ ಪಡ್ಬೇಡಿ. ಟ್ಯಾಕ್ಸಿ ಲೈಸೆನ್ಸ್ ಕೊಡೋ ಕೌನ್ಸಿಲ್ 2016ರ ಡಿಸೆಂಬರ್‌ನಿಂದ ವೀಸಾ ಚೆಕ್ ಮಾಡ್ಲೇಬೇಕು ಅಂತ ಕಾನೂನೇ ಇದೆ.

ಈ ಕೆಲಸ ಎಲ್ಲಿಂದ ಬರುತ್ತೆ ಅಂದ್ರೆ, ಇಂಗ್ಲೆಂಡ್‌ನಲ್ಲಿ 1996ರ ಎಜುಕೇಶನ್ ಆಕ್ಟ್ ಪ್ರಕಾರ 8 ವರ್ಷಕ್ಕಿಂತ ಚಿಕ್ಕ ಮಗುಗೆ ಹತ್ರದ ಸೂಕ್ತ ಸ್ಕೂಲು 2 ಮೈಲಿಗಿಂತ ದೂರ, ಅದಕ್ಕಿಂತ ದೊಡ್ಡೋರಿಗೆ 3 ಮೈಲಿಗಿಂತ ದೂರ ಇದ್ರೆ ಕೌನ್ಸಿಲ್ಲೇ ಫ್ರೀಯಾಗಿ ಕಳಿಸ್ಬೇಕು. ಅಂಗವೈಕಲ್ಯ, ಆಟಿಸಮ್ ಥರ ಕಾರಣಕ್ಕೆ ನಡ್ಕೊಂಡು ಹೋಗಕ್ಕಾಗದ ಮಕ್ಕಳಿಗೆ ದೂರದ ಲೆಕ್ಕಾನೇ ಇಲ್ಲ. ಬಸ್ಸಲ್ಲಿ ಹೋಗೋಕೆ ಆಗದ ಇಂಥ ಮಕ್ಕಳೇ ಟ್ಯಾಕ್ಸಿಗೆ ಬರೋದು. ಇಎಚ್‌ಸಿಪಿ ಅಂತ ಒಂದು ಪ್ಲಾನ್ ಇರುತ್ತೆ ಇಂಥ ಮಕ್ಕಳಿಗೆ, ಓದು ಆರೋಗ್ಯ ಆರೈಕೆಗೆ ಏನೇನು ಸಹಾಯ ಕೊಡ್ಬೇಕು ಅಂತ ಕೌನ್ಸಿಲ್ ಬರ್ಕೊಡೋದು, 2025ರ ಜನವರಿಗೆ ಅದು ಇರೋರು 6.38 ಲಕ್ಷ ದಾಟಿದ್ರು. ಎಲ್ರಿಗೂ ಟ್ಯಾಕ್ಸಿ ಅಲ್ಲ, ಆದ್ರೂ 2023-24ರಲ್ಲಿ ಸ್ಕೂಲಿಗೆ ಕರ್ಕೊಂಡು ಹೋಗೋ ಬಾಬ್ತಿಗೇನೇ ಇಂಗ್ಲೆಂಡ್‌ನ ಕೌನ್ಸಿಲ್‌ಗಳು 2.3 ಬಿಲಿಯನ್ ಪೌಂಡ್ ಖರ್ಚು ಮಾಡಿವೆ. ನಿನ್ ಫ್ರೆಂಡಿಗೆ ಕಾಣ್ಸಿರೋದು ಈ ದುಡ್ಡು. ಅವ್ರಿಗೆ ಕಾಣದೇ ಇರೋದು, ಇದೇ ದುಡ್ಡನ್ನ ಹೇಗಾದ್ರೂ ಇಳಿಸ್ಬೇಕು ಅಂತ ಪ್ರತಿ ಕೌನ್ಸಿಲ್ಲಲ್ಲೂ ಒಂದು ಟೀಮ್ ಕೂತಿದೆ ಅನ್ನೋದು.

ಲೈಸೆನ್ಸ್ ವಿಷ್ಯದಲ್ಲಿ ಹೊಸಬ್ರು ಎಡವೋದು ಇಲ್ಲಿ. ಡ್ರೈವರ್‌ಗೆ ಒಂದು, ಗಾಡಿಗೆ ಒಂದು, ಬುಕಿಂಗ್ ತಗೊಳೋ ಆಪರೇಟರ್‌ಗೆ ಒಂದು, ಮೂರು ಲೈಸೆನ್ಸು, ಮೂರೂ ಒಂದೇ ಕೌನ್ಸಿಲ್‌ದು ಆಗಿರ್ಬೇಕು. ಆದ್ರೆ ಕೆಂಟ್ ಥರ ಕೌಂಟಿಗಳಲ್ಲಿ ಟ್ಯಾಕ್ಸಿ ಲೈಸೆನ್ಸ್ ಕೊಡೋದು ಮೇಡ್‌ಸ್ಟೋನ್, ಆಶ್‌ಫರ್ಡ್ ಅಂಥ ಡಿಸ್ಟ್ರಿಕ್ಟ್ ಕೌನ್ಸಿಲ್, ಸ್ಕೂಲ್ ಕಾಂಟ್ರಾಕ್ಟ್ ಕೊಡೋದು ಮೇಲಿನ ಕೌಂಟಿ ಕೌನ್ಸಿಲ್. ಒಂದು ಕಡೆ ಪಾಸಾದ್ರೆ ಇನ್ನೊಂದು ಕಡೆ ಆಯ್ತು ಅಂತ ಅಲ್ಲ, ಕೌಂಟಿಯವ್ರು ತಮ್ದೇ ಬೇರೆ ಬ್ಯಾಡ್ಜು, ಮಕ್ಕಳ ಸುರಕ್ಷತೆಯ ಸೇಫ್‌ಗಾರ್ಡಿಂಗ್ ಟ್ರೈನಿಂಗು, ಸಲ ಸಲ ಇನ್ನೊಂದು ಡಿಬಿಎಸ್ (ಕ್ರಿಮಿನಲ್ ದಾಖಲೆ ಚೆಕ್) ಕೂಡ ಕೇಳ್ತಾರೆ. ಹಳಬ್ರು ಈಗ್ಲೂ ಹೇಳ್ತಾರೆ, ಬರೀ ಸ್ಕೂಲ್ ಕಾಂಟ್ರಾಕ್ಟ್ ಮಾಡೋನಿಗೆ ಟ್ಯಾಕ್ಸಿ ಲೈಸೆನ್ಸೇ ಬೇಕಿರ್ಲಿಲ್ಲ ಅಂತ, ಆ ವಿನಾಯಿತಿ 2008ರಲ್ಲೇ ಹೋಯ್ತು, ಆ ಮಾತು ಕೇಳಿ ಹೊರಟುಬಿಟ್ಟೀಯ ಮತ್ತೆ. ಇದೆಲ್ಲ ಆಗೋಕೆ ತಿಂಗಳುಗಟ್ಲೆ ಹಿಡಿಯುತ್ತೆ. ಗಾಡಿಗೆ ಎಷ್ಟು ವಯಸ್ಸಾಗಿರ್ಬಹುದು, ಎಂಥ ಎಂಜಿನ್ ಇರ್ಬೇಕು ಅನ್ನೋದು ಒಂದೊಂದು ಕೌನ್ಸಿಲ್ಲಲ್ಲಿ ಒಂದೊಂದು ಥರ, ಅದನ್ನ ನೋಡ್ದೇ ಸೆವೆನ್ ಸೀಟರ್ ತಗೊಳೋದು ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ದಂಗೆ.

ಈಗ ಟೆಂಡರ್. ಊರಲ್ಲಿ ಪಿಡಬ್ಲ್ಯೂಡಿ ಕಂಟ್ರಾಕ್ಟರ್‌ಗಳ ಬಾಯಲ್ಲಿ ಎಲ್-ಒನ್ ಅನ್ನೋದನ್ನ ಕೇಳಿರ್ತೀಯ, ಎಲ್ರಿಗಿಂತ ಕಮ್ಮಿ ರೇಟ್ ಹಾಕಿದೋನಿಗೇ ಕೆಲಸ ಅಂತ, ಇಲ್ಲೂ ಹೆಚ್ಚು ಕಮ್ಮಿ ಅದೇ, ಆದ್ರೆ ಎರಡು ಹಂತ. ಮೊದ್ಲು ಕೌನ್ಸಿಲ್ ಒಪ್ಪಿದ ಕಂಪನಿಗಳ ಲಿಸ್ಟಿಗೆ ಸೇರ್ಬೇಕು. ಡಿಪಿಎಸ್ (ಡೈನಾಮಿಕ್ ಪರ್ಚೇಸಿಂಗ್ ಸಿಸ್ಟಮ್) ಅಂತಿದ್ರು ಇದಕ್ಕೆ, ಪ್ರೊಕ್ಯೂರ್‌ಮೆಂಟ್ ಆಕ್ಟ್ 2023 ಅನ್ನೋದು 2025ರ ಫೆಬ್ರವರಿ 24ಕ್ಕೆ ಜಾರಿಗೆ ಬಂದ್ಮೇಲೆ ಹೊಸದಾಗಿ ಮಾಡೋದಕ್ಕೆ ಡೈನಾಮಿಕ್ ಮಾರ್ಕೆಟ್ ಅಂತಾರೆ, ಹಳೇವೂ ಇನ್ನೂ ನಡೀತಿವೆ. ಇದರ ಬಾಗಿಲು ಯಾವಾಗ್ಲೂ ತೆಗ್ದಿರುತ್ತೆ, ಪೇಪರ್ಸ್ ಸರಿ ಇದ್ರೆ ಒಂದು ಕಾರಿನವನೂ ಸೇರ್ಬಹುದು. ಸಣ್ಣೋರಿಗೆ ಒಳ್ಳೇದು ಅಂತಾನೇ ಹೇಳ್ತಾರೆ, ಒಪ್ತೀನಿ, ಮುಂಚೆ ನಾಲ್ಕು ವರ್ಷದ ಫ್ರೇಮ್‌ವರ್ಕ್, ಅಂದ್ರೆ ಒಂದ್ಸಲ ಮುಚ್ಚಿದ್ರೆ ಮಧ್ಯ ಸೇರೋಕಾಗದ ಲಿಸ್ಟು, ಮಿಸ್ ಆದ್ರೆ ನಾಲ್ಕು ವರ್ಷ ಹೊರಗೇ ಇರ್ಬೇಕಿತ್ತು. ಆದ್ರೆ ಲಿಸ್ಟಲ್ಲಿ ಹೆಸರು ಬಂದ್ರೆ ಕೆಲಸ ಬಂತು ಅಂತ ಅಲ್ಲ. ಒಂದೊಂದು ರೂಟ್ ಬಂದಾಗ್ಲೂ ಲಿಸ್ಟಲ್ಲಿರೋ ಎಲ್ರಿಗೂ ಮೇಲ್ ಬರುತ್ತೆ, ಮಿನಿ ಕಾಂಪಿಟಿಷನ್, ಇಂಥ ಪೋಸ್ಟ್‌ಕೋಡಿಂದ ಇಂಥ ಸ್ಕೂಲು, ಒಂದು ಮಗು, ಮಗು ಜೊತೆ ಕೂರೋಕೆ ಪ್ಯಾಸೆಂಜರ್ ಅಸಿಸ್ಟೆಂಟ್ ಬೇಕು, ದಿನಕ್ಕೆ ಎಷ್ಟು ಬರೀರಿ, ಸೋಮವಾರ ಮಧ್ಯಾಹ್ನದೊಳಗೆ. ಒಂದೇ ಬಾಕ್ಸು, ಒಂದೇ ನಂಬರ್ರು. ಕ್ವಾಲಿಟಿ, ಪಾಲಿಸಿ, ಸೋಶಿಯಲ್ ವ್ಯಾಲ್ಯೂ ಅಂತ ಪುಟಗಟ್ಲೆ ಬರ್ಸಿದ್ದು ಲಿಸ್ಟಿಗೆ ಸೇರೋವಾಗ, ರೂಟ್ ಕೊಡೋವಾಗ ಬಹಳ ಕಡೆ ಬರೀ ರೇಟು.

ಆ ಬಾಕ್ಸಲ್ಲಿ ಏನು ಬರೀತೀಯ ಅನ್ನೋದೇ ಇಡೀ ಆಟ, ಅದಕ್ಕೆ ಒಂದು ಉದಾಹರಣೆ ಕೂತು ಲೆಕ್ಕ ಹಾಕೋಣ. ನಿನ್ ಮನೆಯಿಂದ ಮಗು ಮನೆಗೆ 9 ಮೈಲಿ, ಅಲ್ಲಿಂದ ಸ್ಕೂಲಿಗೆ 12, ಸ್ಕೂಲಿಂದ ನಿನ್ ಮನೆಗೆ ವಾಪಸ್ 15 ಅನ್ಕೋ. ಬೆಳಿಗ್ಗೆ 36, ಮಧ್ಯಾಹ್ನ ಉಲ್ಟಾ 36, ದಿನಕ್ಕೆ 72 ಮೈಲಿ, ಅದ್ರಲ್ಲಿ ಮಗು ಗಾಡೀಲಿರೋದು 24 ಮಾತ್ರ. ಮಿಕ್ಕಿದ್ದು ಡೆಡ್ ಮೈಲೇಜ್, ಅದಕ್ಕೆ ಬೇರೆ ದುಡ್ಡು ಕೊಡಲ್ಲ. ಡೀಸೆಲ್ಲು ಟೈರು ಸರ್ವಿಸು ಗಾಡಿ ಸವೆಯೋದು ಸೇರಿ ಮೈಲಿಗೆ 45 ಪೆನ್ಸ್ ಹಿಡಿದ್ರೆ 32.40 ಪೌಂಡ್. ನಿನ್ ಟೈಮು ಎರಡೂ ಹೊತ್ತು ಸೇರಿ 4 ಗಂಟೆ, 2026ರ ಏಪ್ರಿಲ್‌ನಿಂದ ಕನಿಷ್ಠ ಕೂಲಿ ಗಂಟೆಗೆ 12.71, ಅಂದ್ರೆ 50.84. ಅಸಿಸ್ಟೆಂಟ್‌ಗೆ 3 ಗಂಟೆ ಕೊಟ್ರೆ 38.13. ಒಟ್ಟು 121 ಪೌಂಡ್ ಚಿಲ್ರೆ, ಇದ್ರಲ್ಲಿ ಟ್ಯಾಕ್ಸಿ ಇನ್ಶೂರೆನ್ಸ್ ಇಲ್ಲ, ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸೂ ಇಲ್ಲ, ಅಸಿಸ್ಟೆಂಟ್ ರಜಾ ಸಂಬಳ ಇಲ್ಲ, ಲೈಸೆನ್ಸ್ ಫೀಸ್ ಇಲ್ಲ, ಅಕೌಂಟೆಂಟ್ ಇಲ್ಲ, ಲಾಭ ಅಂತೂ ಇಲ್ವೇ ಇಲ್ಲ. ಈಗ ಆ ರೂಟು 98 ಪೌಂಡ್‌ಗೆ ಹೋಗುತ್ತೆ. ನೀನು ತಲೆ ಕೆರ್ಕೋತೀಯ, ಅದು ಹೆಂಗೆ ಸಾಧ್ಯ ಅಂತ. ಸಾಧ್ಯ, ಯಾಕಂದ್ರೆ ಅದನ್ನ ಹಾಕಿರೋನ ಗಾಡಿ ಆಗ್ಲೇ ಅದೇ ಬೀದೀಲಿ ಇನ್ನೊಂದು ಮಗು ಬಿಟ್ಟು ನಿಂತಿರುತ್ತೆ, ಅವನಿಗೆ ಡೆಡ್ ಮೈಲೇಜೇ ಇಲ್ಲ, ಅಸಿಸ್ಟೆಂಟೂ ಆಗ್ಲೇ ಗಾಡೀಲಿ ಕೂತಿರ್ತಾಳೆ. ಐವತ್ತು ಗಾಡಿ ಇರೋನಿಗೆ ಪ್ರತಿ ಹೊಸ ರೂಟೂ ಹಳೇ ರೂಟಿನ ಪಕ್ಕದಲ್ಲೇ ಬೀಳುತ್ತೆ. ಅವನು ಮೋಸ ಮಾಡ್ತಿಲ್ಲ, ಅವನಿಗೆ ನಿಜವಾಗ್ಲೂ ಅಷ್ಟೇ ಖರ್ಚು. ನೀನು ಹಠಕ್ಕೆ 98 ಹಾಕಿ ಗೆದ್ದೆ ಅನ್ಕೋ, ಗಾಡಿ ಖರ್ಚೂ ಅಸಿಸ್ಟೆಂಟ್ ದುಡ್ಡೂ ಕಳೆದು ನಿನಗೆ ಉಳಿಯೋದು 27 ಪೌಂಡ್ ಚಿಲ್ರೆ, 4 ಗಂಟೆಗೆ. ಗಂಟೆಗೆ 7 ಪೌಂಡೂ ಬೀಳಲ್ಲ.

ಆಮೇಲೆ ಸ್ಕೂಲ್ ನಡೆಯೋದೇ ವರ್ಷಕ್ಕೆ 190 ದಿನ. ಇನ್ಶೂರೆನ್ಸ್‌ನವ್ರಿಗೆ, ಕಾರ್ ಫೈನಾನ್ಸ್‌ನವ್ರಿಗೆ ಹಾಫ್ ಟರ್ಮ್ ರಜಾ ಗೊತ್ತಿಲ್ಲ. ಆಗಸ್ಟ್ ಇಡೀ ಒಂದು ಇನ್ವಾಯ್ಸೂ ಹೋಗಲ್ಲ, ಸೆಪ್ಟೆಂಬರ್ ಕೆಲಸದ ಇನ್ವಾಯ್ಸ್ ತಿಂಗಳ ಕೊನೆಗೆ ಕಳಿಸಿದ್ರೆ 30 ದಿನದೊಳಗೆ ಕೊಡ್ಬೇಕು ಅಂತ ರೂಲ್ಸ್, ಅಂದ್ರೆ ಕೈಗೆ ಬರೋದು ಅಕ್ಟೋಬರ್ ಕೊನೆ. ಜುಲೈ ದುಡ್ಡಲ್ಲಿ ಅಲ್ಲೀವರ್ಗೂ ಬದುಕ್ಬೇಕು. ದೊಡ್ಡ ಕಂಪನಿಗೆ ಏರ್‌ಪೋರ್ಟ್ ಬಾಡಿಗೆ ಇದೆ, ಓವರ್‌ಡ್ರಾಫ್ಟ್ ಇದೆ. ಸಣ್ಣೋರು ಸಾಯೋದು ರೇಟಿಂದ ಅಲ್ಲ ತಮ್ಮಾ, ಈ ಎರಡು ತಿಂಗಳಿಂದ. ನಾನು ಕಣ್ಣಾರೆ ಕಂಡಿರೋ ಮುಚ್ಚಿದ ಕಂಪನಿಗಳೆಲ್ಲ ಹೆಚ್ಚು ಕಮ್ಮಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ ಮುಚ್ಚಿದ್ದು.

ಕಾಂಟ್ರಾಕ್ಟ್ ಮೂರು ವರ್ಷ ಅಂತ ಬರ್ದಿರುತ್ತೆ, ಅದನ್ನೂ ನಂಬ್ಬೇಡ, ಕೆಳಗೆ ಸಣ್ಣಕ್ಷರದಲ್ಲಿ ಕೆಲಸದ ಪ್ರಮಾಣಕ್ಕೆ ಗ್ಯಾರಂಟಿ ಇಲ್ಲ ಅಂತಾನೂ ಇರುತ್ತೆ. ಮಗು ಮನೆ ಬದಲಾಯ್ಸಿದ್ರೆ, ಸ್ಕೂಲ್ ಬದಲಾಯ್ಸಿದ್ರೆ, ಅಪ್ಪ ಅಮ್ಮನೇ ಮೈಲೇಜ್ ದುಡ್ಡು ತಗೊಂಡು ಕರ್ಕೊಂಡು ಹೋಗ್ತೀವಿ ಅಂದ್ರೆ, ಚಿಕ್ಕ ನೋಟಿಸಲ್ಲಿ ರೂಟ್ ಕ್ಲೋಸ್. ಈಗೀಗ ಜಾಸ್ತಿ ನಡೀತಿರೋದು ರೂಟ್ ಸೇರ್ಸೋದು, ಮೂರು ಕಾರಲ್ಲಿ ಹೋಗ್ತಿದ್ದ ಮಕ್ಕಳನ್ನ ಒಂದು ಮಿನಿಬಸ್‌ಗೆ ಹಾಕಿ, ಒಂದು ಸ್ಕೂಲಿನ ಎಲ್ಲಾ ರೂಟನ್ನೂ ಒಂದೇ ಲಾಟ್ ಮಾಡಿ ಟೆಂಡರ್ ಕರೀತಾರೆ. ಮಿನಿಬಸ್ಸಲ್ಲಿ ಎಂಟು ಪ್ಯಾಸೆಂಜರ್ ಸೀಟು ದಾಟಿದ್ರೆ ಟ್ಯಾಕ್ಸಿ ಲೈಸೆನ್ಸ್ ನಡಿಯಲ್ಲ, ಬಸ್ ಓಡ್ಸೋರಿಗಿರೋ ಪಿಎಸ್‌ವಿ ಆಪರೇಟರ್ ಲೈಸೆನ್ಸ್ ಬೇಕು, ಅದು ಬೇರೇನೇ ಪ್ರಪಂಚ. ಇಡೀ ಲಾಟ್ ಹಾಕೋ ಶಕ್ತಿ ಮೂರು ಕಾರಿನವನಿಗೆ ಎಲ್ಲಿಂದ ಬರ್ಬೇಕು. ಹೊಸ ಕಾನೂನಲ್ಲಿ ಸಣ್ಣ ಕಂಪನಿಗಳಿಗೆ ಏನು ಅಡ್ಡಿ ಇದೆ ಅಂತ ಕೌನ್ಸಿಲ್ ಗಮನ ಕೊಡ್ಬೇಕು ಅಂತ ಬರ್ದಿದೆ, ಗಮನ ಕೊಡ್ತಾರೆ, ಕೊಟ್ಟು ಲಾಟ್ ಮಾಡ್ತಾರೆ, ಅಷ್ಟೇ. ಕೌನ್ಸಿಲ್‌ನವ್ರನ್ನೂ ಪೂರ್ತಿ ಬೈಯೋಕಾಗಲ್ಲ ಬಿಡು, ಅವ್ರ ಬಜೆಟ್ ನೋಡಿದ್ರೆ ನಾನಾಗಿದ್ರೂ ಅದೇ ಮಾಡ್ತಿದ್ನೇನೋ.

ಇದ್ರಲ್ಲಿ ಯಾರೂ ಲೆಕ್ಕಕ್ಕೆ ತಗೊಳ್ದೇ ಇರೋದು ಮಗು. ನಮ್ಮ ಒಂದು ರೂಟಲ್ಲಿ ಒಬ್ಬ ಹುಡುಗ ಇದ್ದ, ಮಾತಾಡ್ತಿರ್ಲಿಲ್ಲ, ಎಡಗಡೆ ಹಿಂದಿನ ಸೀಟೇ ಆಗ್ಬೇಕು, ಬೆಲ್ಟ್ ಕ್ಲಿಕ್ ಅನ್ನೋದನ್ನ ಅವನೇ ಮಾಡ್ಬೇಕು, ರೌಂಡ್‌ಅಬೌಟಲ್ಲಿ ರೇಡಿಯೋ ಆಫ್ ಇರ್ಬೇಕು. ಇದನ್ನೆಲ್ಲ ನಮ್ಮ ಡ್ರೈವರ್ರು ಕಲ್ತ್ಕೊಳೋಕೆ ಒಂದು ಟರ್ಮ್ ಹಿಡೀತು. ರೀಟೆಂಡರ್ ಆದಾಗ ದಿನಕ್ಕೆ 4 ಪೌಂಡ್ ಕಮ್ಮಿಗೆ ಬೇರೆಯವ್ರಿಗೆ ಹೋಯ್ತು, ಅವನ ಅಮ್ಮ ಫೋನ್ ಮಾಡಿ ಕೇಳ್ಕೊಂಡ್ರು, ನಾವೇನು ಮಾಡೋಕಾಗುತ್ತೆ, ಬೆಲ್ಟ್ ವಿಷ್ಯ ಎಲ್ಲಾ ಒಂದು ಹಾಳೇಲಿ ಬರ್ದು ಹೊಸ ಡ್ರೈವರ್‌ಗೆ ಕೊಡಿ ಅಂತ ಅವ್ರ ಕೈಗೆ ಕೊಟ್ವಿ.

ಹಾಗಾದ್ರೆ ಸಣ್ಣೋರು ಯಾರೂ ಉಳ್ದಿಲ್ವಾ ಅಂದ್ರೆ ಉಳ್ದಿದೀವಿ. ಊರಲ್ಲಿ ಟೆಂಡರ್ ಹಾಕ್ಬೇಕಂದ್ರೆ ಇಎಂಡಿ ಅಂತ ಠೇವಣಿ ಕಟ್ಬೇಕು, ಗೆದ್ದು ಬಿಟ್ಟೋದ್ರೆ ಅದು ಹೋಗುತ್ತೆ. ಇಲ್ಲಿ ಈ ಮಿನಿ ಕಾಂಪಿಟಿಷನ್‌ಗಳಿಗೆ ಆ ಭಯ ಇಲ್ಲ, ಅದಕ್ಕೆ ಜುಲೈ-ಆಗಸ್ಟಲ್ಲಿ ಕಣ್ಣು ಮುಚ್ಕೊಂಡು ಕಮ್ಮಿ ರೇಟ್ ಹಾಕಿ ಗೆಲ್ತಾರೆ, ಅಕ್ಟೋಬರ್-ನವೆಂಬರ್ ಹೊತ್ತಿಗೆ ಆಗಲ್ಲ ಅಂತ ನೋಟಿಸ್ ಕೊಟ್ಟು ವಾಪಸ್ ಮಾಡ್ತಾರೆ. ಹ್ಯಾಂಡ್ ಬ್ಯಾಕ್ ಅಂತಾರೆ ಅದನ್ನ. ಆಗ ಕೌನ್ಸಿಲ್‌ಗೆ ಮುಂದಿನ ಸೋಮವಾರಕ್ಕೆ ಗಾಡಿ ಬೇಕು, ಮಗು ಮನೇಲಿ ಕೂತಿದೆ, ದೊಡ್ಡ ಕಂಪನಿಗಳ ಗಾಡಿ ಎಲ್ಲಾ ಆಗ್ಲೇ ಬುಕ್ ಆಗಿರುತ್ತೆ. ಆವಾಗ ಖಾಲಿ ಗಾಡಿ, ಬ್ಯಾಡ್ಜ್ ಇರೋ ಡ್ರೈವರ್ರು, ಅಸಿಸ್ಟೆಂಟ್ ಮೂರೂ ರೆಡಿ ಇರೋ ಸಣ್ಣೋನು ತನ್ನ ನಿಜವಾದ ಖರ್ಚು ಹಾಕಿ ರೇಟ್ ಬರ್ದ್ರೂ ಸಿಗುತ್ತೆ. ನಮ್ಮ ಒಳ್ಳೆ ರೂಟ್‌ಗಳೆಲ್ಲ ಹೀಗೆ ಬಂದಿದ್ದೇ. ಇನ್ನೊಂದು, ವೀಲ್‌ಚೇರ್ ಹತ್ತೋ ಗಾಡಿ, ಅದಕ್ಕೆ ಬಿಡ್ ಹಾಕೋರು ಕಮ್ಮಿ, ಆದ್ರೆ ಗಾಡಿ ದುಬಾರಿ. ಮೂರನೇದು, ನಿನ್ ಮನೆ ಸುತ್ತ ಐದಾರು ಮೈಲಿ ಬಿಟ್ಟು ಆಚೆ ಇರೋ ರೂಟಿನ ಮೇಲ್ ಓಪನ್ನೂ ಮಾಡ್ಬೇಡ, ದೊಡ್ಡೋರಿಗಿರೋ ಅನುಕೂಲ ನಿನಗಿರೋದು ನಿನ್ ಬೀದೀಲಿ ಮಾತ್ರ.

ದೊಡ್ಡ ಕಂಪನಿ ಗೆದ್ದ ರೂಟನ್ನ ಸಬ್ ಕಾಂಟ್ರಾಕ್ಟ್ ತಗೋ ಅಂತ ನಿನಗೆ ಹೇಳೋರು ಸಿಗ್ತಾರೆ. ಕೌನ್ಸಿಲ್ ಬರವಣಿಗೇಲಿ ಒಪ್ಪಿದೆಯಾ ಅಂತ ಕೇಳು ಮೊದ್ಲು, ಆಮೇಲೆ 98ರಲ್ಲಿ ಅವ್ರದ್ದು ಮುರ್ಕೊಂಡು ನಿನಗೆಷ್ಟು ಅಂತ ಕೇಳು, ಅಲ್ಲಿಗೇ ಮುಗಿಯುತ್ತೆ ಮಾತು. ವ್ಯಾಟ್ ಬಗ್ಗೆ ಕೇಳಿದ್ಯಲ್ಲ, 90,000 ಪೌಂಡ್ ವಹಿವಾಟು ದಾಟೋವರ್ಗೂ ರಿಜಿಸ್ಟರ್ ಆಗ್ಬೇಕಿಲ್ಲ, ಆದ್ರೆ ಕೌನ್ಸಿಲ್‌ಗಳು ತಾವು ಕೊಟ್ಟ ವ್ಯಾಟನ್ನ ಸರ್ಕಾರದಿಂದ ವಾಪಸ್ ತಗೋತವೆ, ಹಂಗಾಗಿ ವ್ಯಾಟ್ ಇಲ್ದಿರೋದು ನಿನಗೆ ರೇಟಲ್ಲಿ ಅಂಥ ಲಾಭ ಏನೂ ಅಲ್ಲ.

ನಾನು ನಿನ್ ಜಾಗದಲ್ಲಿದ್ರೆ, ಈಗ ಬರೀ ಡ್ರೈವರ್ ಬ್ಯಾಡ್ಜ್ ತಗೊಂಡು ಸ್ಕೂಲ್ ರನ್ ಇರೋ ಯಾವ್ದಾದ್ರೂ ಕಂಪನೀಲಿ ಒಂದು ವರ್ಷ ಓಡಿಸ್ತೀನಿ, ಆಗಸ್ಟ್ ಹೆಂಗಿರುತ್ತೆ ಅಂತ ಅವ್ರ ದುಡ್ಡಲ್ಲೇ ನೋಡ್ತೀನಿ. ಬೆಳಿಗ್ಗೆ ಮಧ್ಯಾಹ್ನದ ನಡುವೆ ಬಿಡುವಿರುತ್ತೆ, ಹೆಂಡ್ತಿ ಶಿಫ್ಟಿಗೂ ಹೊಂದುತ್ತೆ. ಇಂಡಿಯಾ ಲೈಸೆನ್ಸ್ ಇಲ್ಲಿ ಒಂದು ವರ್ಷ ಮಾತ್ರ ನಡೆಯೋದು, ಅದಕ್ಕೆ ಇಲ್ಲಿನ ಡ್ರೈವಿಂಗ್ ಟೆಸ್ಟಿಗೆ ಇವತ್ತೇ ಡೇಟ್ ಹುಡ್ಕು, ಕ್ಯೂ ಉದ್ದ ಇದೆ. ಎಷ್ಟು ವರ್ಷದ ಲೈಸೆನ್ಸ್ ಇರ್ಬೇಕು ಅಂತ ನಿನ್ ಡಿಸ್ಟ್ರಿಕ್ಟ್ ಕೌನ್ಸಿಲ್ ಪಾಲಿಸಿ ನೋಡು, ಒಂದೊಂದು ಕಡೆ ಒಂದೊಂದು ಥರ. ಇಂಡಿಯಾದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳೇ ಕೇಳ್ತಾರೆ, ಅದಕ್ಕೂ ಈಗ್ಲೇ ಅರ್ಜಿ ಹಾಕು, ಪಾಸ್‌ಪೋರ್ಟಲ್ಲಿ ಹಾಸನದ ಹಳೇ ಅಡ್ರೆಸ್ ಇದ್ರೆ ಪೊಲೀಸ್ರು ಅಲ್ಲಿ ವಿಚಾರಿಸೋಕೆ ಬರ್ಬಹುದು, ಅಲ್ಲಿರೋರಿಗೆ ಮೊದ್ಲೇ ಹೇಳಿಡು. ಯಾವ ಕೌಂಟೀಲಿದೀಯ ಅಂತ ಬರಿ, ಅಲ್ಲಿ ರೂಟ್ ಒಂದೊಂದಾಗಿ ಕರೀತಾರಾ ಲಾಟ್ ಮಾಡ್ತಾರಾ ಅಂತ ಫೈಂಡ್ ಎ ಟೆಂಡರ್ ಅನ್ನೋ ಸರ್ಕಾರಿ ಸೈಟಲ್ಲಿ ಹಳೇ ನೋಟಿಸ್ ನೋಡಿದ್ರೆ ಗೊತ್ತಾಗುತ್ತೆ, ಹೆಂಗೆ ಹುಡ್ಕೋದು ಅಂತ ಹೇಳ್ಕೊಡ್ತೀನಿ.