ಮಂಗಳದ ಕೆಂಪು ಎಷ್ಟು ಆಳ?

ಮಂಗಳ ಕೆಂಪು ಗ್ರಹವಾದರೆ ಕ್ಯೂರಿಯಾಸಿಟಿ ರೋವರ್ ಕೊರೆದ ತೂತಿನ ಪುಡಿ ಯಾಕೆ ಬೂದು, ಫೋಟೋ ತಿದ್ದಿದ್ದಾರಾ ಅಂತ ಕೇಳಿದ್ದೀರಿ. ಇಲ್ಲ, ಆ ಬೂದು ನಿಜವಾದದ್ದೇ.

2013ರ ಫೆಬ್ರುವರಿಯಲ್ಲಿ ಮಂಗಳದ ಗೇಲ್ ಕುಳಿಯಲ್ಲಿ ಕ್ಯೂರಿಯಾಸಿಟಿ ಮೊದಲ ಸಲ ಬಂಡೆ ಕೊರೆಯಿತು. ತೂತಿನ ಆಳ ಬರೀ 6.4 ಸೆಂಟಿಮೀಟರ್. ಅಷ್ಟರಲ್ಲೇ ಕೆಂಪು ಮಾಯ! ಮೇಲೆ ಕಾಣುವುದು ತುಕ್ಕು ಹಿಡಿದ ಕಬ್ಬಿಣದ ನುಣ್ಣನೆ ಧೂಳು, ಗಾಳಿ ಅದನ್ನು ಗ್ರಹದ ತುಂಬ ಹರಡಿದೆ. ಅಡಿಯ ನೆಲ ಹೆಚ್ಚಾಗಿ ಬಸಾಲ್ಟ್, ಅಂದರೆ ಲಾವಾ ತಣ್ಣಗಾಗಿ ಆದ ಕಲ್ಲು. ಅದರಲ್ಲಿರುವ ಪೈರಾಕ್ಸೀನ್, ಆಲಿವೀನ್ ಖನಿಜಗಳಿಂದ ಅದು ಕಪ್ಪಗಿರುತ್ತದೆ. ದೂರದರ್ಶಕದಲ್ಲಿ ಕಾಣುವ ಸಿರ್ಟಿಸ್ ಮೇಜರ್ ಎಂಬ ಕಪ್ಪು ಮಚ್ಚೆ ಇಂಥ ಜಾಗವೇ, ಅಲ್ಲಿ ಧೂಳು ಕಡಿಮೆ.

ಬಣ್ಣಕ್ಕೆ ಖನಿಜ ಯಾವುದು ಅನ್ನುವುದರ ಜೊತೆಗೆ ಕಣ ಎಷ್ಟು ಸಣ್ಣದು ಅನ್ನುವುದೂ ಮುಖ್ಯ. ಸಂಡೂರು ಕಡೆಯ ಗಟ್ಟಿ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ತುಂಡು ಸಿಕ್ಕರೆ ನೋಡಿ, ಉಕ್ಕಿನ ಹಾಗೆ ಬೂದು. ಹೊಳಪಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಸುಮ್ನೆ ಒಮ್ಮೆ ಉಜ್ಜಿ, ಕೆಂಪು ಗೆರೆ ಬೀಳುತ್ತದೆ. ಅದೇ ಖನಿಜ, ಪುಡಿಯಾಯಿತು ಅಷ್ಟೇ. 2004ರಲ್ಲಿ ಮಂಗಳದ ಮೇಲೆ ಆಪರ್ಚುನಿಟಿ ರೋವರ್ ಕಂಡ ಹೆಮಟೈಟ್ ಗುಂಡುಗಳೂ ಬೂದು ಬಣ್ಣದವೇ. ಅವು ನೀಲಿಯಾಗಿ ಕಾಣುವ ಫೋಟೋಗಳಲ್ಲಿ ಮಾತ್ರ ವ್ಯತ್ಯಾಸ ತೋರಿಸಲು ಬಣ್ಣವನ್ನು ಬೇಕಂತಲೇ ಹೆಚ್ಚಿಸಿರುತ್ತಾರೆ, ಹಾಗಾಗಿ ನಿಮ್ಮ ಅನುಮಾನ ಪೂರ್ತಿ ತಪ್ಪೇನಲ್ಲ.

ಅಂದ ಹಾಗೆ, ಧೂಳಿನ ಕೆಂಪಿಗೂ ಹೆಮಟೈಟೇ ಕಾರಣ ಅಂತ ತುಂಬಾ ಕಾಲ ಹೇಳುತ್ತಿದ್ದರು. 2025ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ನೀರಿನ ಅಂಶವಿರುವ ಫೆರಿಹೈಡ್ರೈಟ್ ಎಂಬ ಕಬ್ಬಿಣದ ಖನಿಜ ಅದಕ್ಕಿಂತ ಚೆನ್ನಾಗಿ ಹೊಂದುತ್ತದೆ.