ಕೊಲೆ ಮಾಡಿದಾಗ ಮನಸ್ಸು ಸರಿ ಇರಲಿಲ್ಲ ಅಂದರೆ ಶಿಕ್ಷೆ ತಪ್ಪುತ್ತಾ? 'ಡಿಮಿನಿಶ್ಡ್ ರೆಸ್ಪಾನ್ಸಿಬಿಲಿಟಿ' ಅಂದರೇನು?

ಶಿಕ್ಷೆ ತಪ್ಪುವುದಿಲ್ಲ, ಅಪರಾಧದ ಹೆಸರು ಬದಲಾಗುತ್ತದೆ. ಅದಕ್ಕೇ ಡಿಮಿನಿಶ್ಡ್ ರೆಸ್ಪಾನ್ಸಿಬಿಲಿಟಿಯನ್ನು, ಅಂದರೆ ಮನಸ್ಸಿನ ದುರ್ಬಲತೆಯಿಂದ ಆರೋಪಿಯ ಹೊಣೆ ಕಡಿಮೆ ಅನ್ನುವ ವಾದವನ್ನು, ಭಾಗಶಃ ರಕ್ಷಣೆ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಇದು ಕೊಲೆ ಆರೋಪಕ್ಕೆ ಮಾತ್ರ. ಕಳ್ಳತನ, ಹಲ್ಲೆ ಕೇಸುಗಳಲ್ಲಿ ನಡೆಯುವುದಿಲ್ಲ. ಯಾಕೆಂದರೆ ಅಲ್ಲಿ ಕೊಲೆಗೆ ಜೀವಾವಧಿ ಶಿಕ್ಷೆ ಕಡ್ಡಾಯ, ಜಡ್ಜ್ ಕೈ ಕಟ್ಟಿಹಾಕಿದ ಹಾಗೆ. ಕೇಸು 'ಮ್ಯಾನ್‌ಸ್ಲಾಟರ್'ಗೆ, ಅಂದರೆ ಕೊಲೆಗಿಂತ ಕೆಳಗಿನ ನರಹತ್ಯೆಯ ಅಪರಾಧಕ್ಕೆ, ಇಳಿದರೆ ಶಿಕ್ಷೆ ಎಷ್ಟು ಅನ್ನುವುದು ಜಡ್ಜ್‌ಗೆ ಬಿಟ್ಟದ್ದು. ಆಸ್ಪತ್ರೆಗೂ ಕಳಿಸಬಹುದು, ಜೀವಾವಧಿಯನ್ನೂ ಕೊಡಬಹುದು.

ಇದರ ಬೇರು ಸ್ಕಾಟ್ಲೆಂಡಿನಲ್ಲಿದೆ. 1867ರ ಡಿಂಗ್‌ವಾಲ್ ಕೇಸಿನಲ್ಲಿ ಆರೋಪಿ ಹೆಂಡತಿಯನ್ನು ಇರಿದು ಕೊಂದಿದ್ದ. ವರ್ಷಗಟ್ಟಲೆ ಕುಡಿದು ಕುಡಿದು ಮನಸ್ಸು ದುರ್ಬಲವಾಗಿತ್ತು, ಆದರೆ ಪೂರ್ತಿ ಹುಚ್ಚನಲ್ಲ. ಆ ದುರ್ಬಲತೆಯನ್ನು ಲೆಕ್ಕಕ್ಕೆ ತಗೊಂಡು ಅಪರಾಧವನ್ನು ಒಂದು ಮೆಟ್ಟಿಲು ಇಳಿಸಬಹುದು ಎಂದು ನ್ಯಾಯಾಧೀಶ ಲಾರ್ಡ್ ಡೀಸ್ ಜ್ಯೂರಿಗೆ (ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡಕ್ಕೆ) ಹೇಳಿದರು. ಇಂಗ್ಲೆಂಡಿಗೆ ಇದು ಬಂದದ್ದು 1957ರ ಕಾಯ್ದೆಯಿಂದ. 2009ರ ಕಾಯ್ದೆ ಅದನ್ನು ತಿದ್ದಿ ಬಿಗಿ ಮಾಡಿತು.

ಈಗ ಸುಮ್ನೆ 'ತಲೆ ಕೆಟ್ಟಿತ್ತು' ಅಂದರೆ ಸಾಲದು. ವೈದ್ಯಶಾಸ್ತ್ರ ಒಪ್ಪುವ ಕಾಯಿಲೆ ಇರಬೇಕು. ಅದರಿಂದ ಏನು ಮಾಡುತ್ತಿದ್ದೇನೆ ಅನ್ನುವ ಅರಿವೋ, ಯೋಚಿಸಿ ನಿರ್ಧರಿಸುವ ಶಕ್ತಿಯೋ, ತನ್ನ ಮೇಲಿನ ಹಿಡಿತವೋ ಗಣನೀಯವಾಗಿ ಕುಗ್ಗಿರಬೇಕು. ಆ ಕೃತ್ಯಕ್ಕೆ ಅದು ಕಾರಣವೂ ಆಗಿರಬೇಕು. ಸಾಬೀತು ಮಾಡಬೇಕಾದವನು ಆರೋಪಿಯೇ. ಆದರೆ 'ಹೌದು ಅನ್ನುವ ಸಾಧ್ಯತೆಯೇ ಜಾಸ್ತಿ' ಅಂತ ತೋರಿಸಿದರೆ ಸಾಕು. ಆ ರಾತ್ರಿ ಜಾಸ್ತಿ ಕುಡಿದಿದ್ದೆ ಅನ್ನುವುದಷ್ಟೇ ಆದರೆ ನಡೆಯಲ್ಲ.

'ಗಣನೀಯ' ಅಂದರೆ ಎಷ್ಟು? ಜಗಳ ಇರುವುದೇ ಅಲ್ಲಿ, ಅಲ್ವಾ! ಕ್ಷುಲ್ಲಕಕ್ಕಿಂತ ಸ್ವಲ್ಪ ಹೆಚ್ಚು ಕುಗ್ಗಿದ್ದರೆ ಸಾಲದು ಎಂದು 2016ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅಳೆಯುವ ಕೆಲಸ ಮಾತ್ರ ಜ್ಯೂರಿಯದ್ದೇ.